ಆಷಾಢದಲ್ಲಿ ಮಾರಿದ ಅಂಬಾಸಡರ್

೧೯೮೧ನೇ ಇಸವಿ. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ನಾನು ಮೋಟಾರ್ ಡ್ರೈವಿಂಗ್ ಸ್ಕೂಲ್ ತೆರೆದು ಏಳು ವರ್ಷವಾಗಿತ್ತು. ಮಾಲೀಕಳೂ ನಾನೇ, ಮೇಷ್ಟ್ರೂ ನಾನೇ, ಬೆಳಿಗ್ಗೆ ಎದ್ದು ಕಾರು ಒರೆಸುವವಳೂ ನಾನೇ. ಊರಿನಲ್ಲಿ ಅಪ್ಪನಿಗೆ ಜಮೀನಿನ ಜೊತೆಗೆ ಒಂದು ಲಾರಿಯಿತ್ತು. ಸ್ಟಿಯರಿಂಗ್ ಹಿಡಿಯುವುದನ್ನು ನಾನು ಕಲಿತದ್ದು ಆ ಲಾರಿಯಲ್ಲಿ. ‘ಹೆಂಗಸು ಕಾರು ಕಲಿಸ್ತಾಳಂತೆ’ ಎಂದು ನೋಡಲೆಂದೇ ಜನ ನನ್ನ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಚೆನ್ನಾಗಿ ಕಾಣಲಿ ಎಂದು ನಾನು ಬೋರ್ಡನ್ನು ಇನ್ನೂ ದೊಡ್ಡದು ಮಾಡಿಸಿದೆ.

ಕಾರು ಕಲಿಸುವ ಕೆಲಸಕ್ಕೆ ಬಾಲದಂತೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಕಲಿಯಲು ಬಂದವರು ಹಳೇ ಕಾರು ಕೊಳ್ಳುವಾಗ, ಮಾರುವಾಗ ‘ನೀವೊಮ್ಮೆ ನೋಡಿ’ ಎಂದು ಕರೆಯುತ್ತಿದ್ದರು. ಆಗ ಹೊಸ ಕಾರಿಗೆ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಸುಸ್ಥಿತಿಯಲ್ಲಿದ್ದ ಹಳೇ ಕಾರಿಗೆ ಒಳ್ಳೆಯ ಬೆಲೆ ಬರುತ್ತಿತ್ತು. ಮಾರಲು ಇದ್ದದ್ದು ಎರಡೇ ದಾರಿ. ಒಂದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನೀವೇ ಮಾರುವುದು. ಇನ್ನೊಂದು, ಬ್ರೋಕರುಗಳ ಕೈಗೆ ಬೀಳುವುದು. ಮೊದಲನೇ ದಾರಿ ಹಿಡಿದವರನ್ನು ಎರಡನೆಯದಕ್ಕೆ ಎಳೆದು ತರುವುದೇ ಬ್ರೋಕರುಗಳ ಕಸುಬು. ಈ ಕಸುಬಿನಲ್ಲಿ ನಾನು ಕಂಡ ಅತಿ ನಾಜೂಕಿನ ಮೋಸ ಸುಮಿತ್ರಾಳಿಗೆ ಆದದ್ದು.

ಸುಮಿತ್ರಾ ಚಾಮರಾಜಪೇಟೆಯವಳು. ಗಂಡ ಒಂದು ಖಾಸಗಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಬಿನ್ನಿಪೇಟೆಯ ಗಿರಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ, ಓದಿ, ಬಡ್ತಿ ಪಡೆದು, ತಮ್ಮ ಬಂಧುಬಳಗದಲ್ಲೇ ಮೊದಲ ಕಾರು ಕೊಂಡಿದ್ದ ಮನುಷ್ಯ. ೧೯೭೨ರ ಅಂಬಾಸಡರ್, ತಿಳಿನೀಲಿ ಬಣ್ಣ. ಅವರು ಹೋದ ಮೇಲೆ ಅದೊಂದನ್ನು ಅವಳು ಹಟ ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಷ್ಟಕ್ಕೆ ಹೋಗುತ್ತದೆಂದು ಹೇಳಬೇಕೆಂದು ನನ್ನ ಹತ್ತಿರ ಬಂದಳು.

ಮನೆಗೆ ಹೋಗಿ ನೋಡಿದೆ. ನಡುಮನೆಯಲ್ಲಿ ಬುದ್ಧನ ಚಿತ್ರ, ಪಕ್ಕದಲ್ಲಿ ಗಂಡನ ಫೋಟೋ, ಹೊರಗೆ ಶೆಡ್ಡಿನಲ್ಲಿ ಹೊದಿಕೆ ಹೊದ್ದ ಕಾರು. ಬ್ಯಾಟರಿ ಮಲಗಿತ್ತು, ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಆಗಿನ ದರದಲ್ಲಿ ಇಪ್ಪತ್ತೆರಡು ಸಾವಿರಕ್ಕೆ ಒಂದು ಪೈಸೆ ಕಮ್ಮಿ ಬೇಡ ಎಂದೆ. ಅವಳ ಮುಖ ಅರಳಿತು. ವಿ.ವಿ. ಪುರಂನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಮೇಷ್ಟ್ರೊಬ್ಬರು ನಿವೃತ್ತರಾಗಿ ಆರು ಟೈಪ್‌ರೈಟರುಗಳನ್ನು ಮಾರಲಿದ್ದರು. ಅವನ್ನು ಕೊಂಡು ಮನೆಯ ಮುಂದಿನ ಕೋಣೆಯಲ್ಲೇ ತಾನೊಂದು ಶಾಲೆ ತೆರೆಯುವುದು ಅವಳ ಯೋಜನೆ. ಯಂತ್ರ, ಮೇಜು, ಮನೆಯೊಡೆಯ ಕೇಳಿದ ಮುಂಗಡ ಎಲ್ಲ ಸೇರಿ ಇಪ್ಪತ್ತು ಸಾವಿರ ಬೇಕಿತ್ತು. ಆಷಾಢ ಕಳೆದ ಮೊದಲ ದಿನದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಮೇಷ್ಟ್ರು ಒಪ್ಪಿದ್ದರು.

“ಆಗ್ಲಿಲ್ಲ ಅಂದ್ರೆ?” ಎಂದು ಕೇಳಿದೆ.

“ಬಿನ್ನಿಪೇಟೆಗೆ ಭಾವನ ಮನೆಗೆ ಹೋಗ್ಬೇಕು. ಅಡುಗೆ ಮಾಡ್ಕೊಂಡು ಒಂದು ಮೂಲೇಲಿ ಇರ್ಲಿ ಅಂತಿದ್ದಾರೆ. ಟೈಪಿಂಗ್‌ನಲ್ಲಿ ಸೀನಿಯರ್ ಪಾಸಾಗಿದೀನಿ ಮೇಡಂ. ಮೂಲೇಲಿ ಕೂರೋಕೆ ಪಾಸ್ ಮಾಡ್ಲಿಲ್ಲ.”

ಅವಳು ನನಗೆ ಹಿಡಿಸಿಬಿಟ್ಟಳು. ಪತ್ರಿಕೆಗೆ ಮೂರು ಸಾಲಿನ ಜಾಹೀರಾತು ಬರೆದುಕೊಟ್ಟೆ. ಮಾರುವವರೆಗೆ ಕಾರು ಓಡುತ್ತಿರಬೇಕಲ್ಲ, ದಿನಾ ಬೆಳಿಗ್ಗೆ ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದು ಬ್ಯಾಟರಿ ಚಾರ್ಜ್ ಮಾಡಿಸಿ ಎಲ್ ಬೋರ್ಡ್ ಕಟ್ಟಿಸಿದೆ. “ಮಾರೋ ಕಾರನ್ನ ಯಾಕೆ ಕಲೀಬೇಕು?” ಎಂದಳು. “ಮಾರೋವರ್ಗೂ ನಿಮ್ದೇ ತಾನೆ?” ಎಂದೆ. ಕ್ಲಚ್ಚಿನ ಮೇಲೆ ಕಾಲಿಟ್ಟ ಮೊದಲ ದಿನವೇ ಅವಳ ಸ್ವಭಾವ ತಿಳಿಯಿತು. ಎದುರಿಗೆ ಯಾರು ಬಂದರೂ ದಾರಿ ಬಿಟ್ಟು ನಿಲ್ಲುವಳು. ಎಮ್ಮೆಗೂ ಬಿಟ್ಟಳು, ಗಾಡಿಯಿಲ್ಲದೆ ನಡೆದು ಬರುತ್ತಿದ್ದವನಿಗೂ ಬಿಟ್ಟಳು.

ಜಾಹೀರಾತು ಬಂದ ದಿನ ನಾನು ಮಲ್ಲೇಶ್ವರದಲ್ಲಿ ಪಾಠದಲ್ಲಿದ್ದೆ. ಮೊದಲು ಬಂದವನು ರಾಜಣ್ಣ. ಬಿಳಿ ಪಂಚೆ, ಇಸ್ತ್ರಿ ಶರಟು, ಮಾತಿಗೊಮ್ಮೆ ‘ತಾಯಿ’. ಮಗಳಿಗೆ ಬಳುವಳಿಯಾಗಿ ಕೊಡಲು ಕಾರು ಬೇಕೆಂದನಂತೆ. ಇಪ್ಪತ್ತೆರಡು ಸಾವಿರ ಎಂದದ್ದಕ್ಕೆ ಚೌಕಾಸಿಯೇ ಮಾಡಲಿಲ್ಲವಂತೆ. ಬೆಂಗಳೂರಿನಲ್ಲಿ ಚೌಕಾಸಿ ಮಾಡದೆ ಬೆಂಡೆಕಾಯಿ ಕೊಳ್ಳುವವರಿಲ್ಲ, ಕಾರು ಕೊಳ್ಳುವವನು ಸುಮ್ಮನೆ ಒಪ್ಪಿದನೆಂದರೆ ಅಲ್ಲೇ ಎಚ್ಚರವಾಗಬೇಕು. ಅವನು ತಟ್ಟೆ ತರಿಸಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಮೇಲೆ ನೂರೊಂದು ರೂಪಾಯಿ ಇಟ್ಟು ಅವಳ ಕೈಗೆ ಕೊಟ್ಟ. ಹಣ ಯಾವಾಗ ಬೇಕೆಂದು ಅವಳ ಬಾಯಿಂದಲೇ ತಿಳಿದುಕೊಂಡು, ಆಷಾಢ ಬರುತ್ತಿದೆ, ಅದು ಕಳೆದ ಮೊದಲ ದಿನವೇ ಪೂರ್ತಿ ಹಣ ಕೊಟ್ಟು ಕಾರು ಒಯ್ಯುತ್ತೇನೆ ಎಂದ. ಹೋಗುವಾಗ ವರ್ಗಾವಣೆಯ ಖಾಲಿ ಫಾರಂ ಕೊಟ್ಟು, ‘ಆಮೇಲೆ ಓಡಾಟ ಬೇಡ, ಸಹಿ ಹಾಕಿಟ್ಟಿರಿ’ ಎಂದ.

ತಾಂಬೂಲ ತೆಗೆದುಕೊಂಡ ಮೇಲೆ ಮಾತು ಮುಗಿಯಿತು ಎಂಬುದು ನಮ್ಮಲ್ಲಿ ಪದ್ಧತಿ. ಮದುವೆಗೂ ಅದೇ, ಮನೆ ಮಾರಾಟಕ್ಕೂ ಅದೇ. ಆಮೇಲೆ ಬಂದ ಮೂವರು ಗಿರಾಕಿಗಳನ್ನು ಸುಮಿತ್ರಾ ‘ಮಾತಾಗಿದೆ’ ಎಂದು ಬಾಗಿಲಿನಿಂದಲೇ ಕಳಿಸಿದ್ದಳು. ವಿಷಯ ಕೇಳಿ ನಾನು ಹಣೆ ಚಚ್ಚಿಕೊಂಡೆ. ಪುಣ್ಯಕ್ಕೆ ಸಹಿ ಹಾಕಿರಲಿಲ್ಲ. ಖಾಲಿ ಫಾರಂಗೆ ಸಹಿ ಹಾಕಿ ಕಾರು ಕೊಟ್ಟರೆ ಅದು ಹೆಸರು ಬದಲಾಗದೆ ಕೈಯಿಂದ ಕೈಗೆ ಹೋಗುತ್ತದೆ. ನಾಳೆ ಯಾರಿಗೋ ಗುದ್ದಿದರೆ ನೋಟಿಸು ಬರುವುದು ಆರ್.ಸಿ. ಪುಸ್ತಕದಲ್ಲಿ ಹೆಸರಿರುವವರ ಮನೆಗೆ. ಇದನ್ನು ವಿವರಿಸಿ ಫಾರಂ ಹರಿದೆ. ತಾಂಬೂಲದ ವಿಷಯದಲ್ಲಿ ಮಾತ್ರ ಅವಳು ಜಪ್ಪಯ್ಯ ಅನ್ನಲಿಲ್ಲ.

ಆಷಾಢ ಹಿಡಿದು ಮೂರು ವಾರವಾಗುತ್ತ ಬಂದಿತ್ತು. ರಾಜಣ್ಣ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ. ಆ ಮೆಕ್ಯಾನಿಕ್ ಕಾರಿನ ಸುತ್ತ ಒಂದು ಸುತ್ತು ಹಾಕಿ ಚಾಸಿ ಬಾಗಿದೆ, ಎಂಜಿನ್ ಹೋಗಿದೆ, ಹಿಂದೆ ಅಪಘಾತವಾದ ಗಾಡಿ ಎಂದು ಷರಾ ಬರೆದ. ಬಾನೆಟ್ ಎತ್ತದೆಯೇ! ‘ಆದ್ರೂ ಮಾತು ಕೊಟ್ಟಿದೀನಲ್ಲ ತಾಯಿ, ಬಿಡಲ್ಲ. ಹದಿಮೂರು ಸಾವಿರ ಕೊಡ್ತೀನಿ’ ಎಂದ ರಾಜಣ್ಣ. ಬ್ರೋಕರುಗಳ ಭಾಷೆಯಲ್ಲಿ ಇದಕ್ಕೆ ಕಟ್ಟಿಹಾಕುವುದು ಎನ್ನುತ್ತಿದ್ದರು. ಮೊದಲು ಒಳ್ಳೆಯ ಬೆಲೆಗೆ ತಾಂಬೂಲ ಕೊಟ್ಟು ಬೇರೆ ಗಿರಾಕಿಗಳನ್ನು ಓಡಿಸುವುದು, ಮಾರುವವರಿಗೆ ಹಣದ ಗಡುವು ಹತ್ತಿರ ಬಂದಾಗ ಬೆಲೆ ಮುರಿಯುವುದು. ಮರ್ಯಾದಸ್ಥರ ಮನೆಗಳಲ್ಲಿ ಮಾತ್ರ ನಡೆಯುವ ಆಟ.

ಸುಮಿತ್ರಾ ಹಿಂದೇಟು ಹಾಕಿದಾಗ ಅವನು ನಡುಮನೆಯ ಬುದ್ಧನ ಚಿತ್ರವನ್ನೊಮ್ಮೆ ನೋಡಿ, ನಗುತ್ತಲೇ, “ಯೋಚ್ನೆ ಮಾಡಿ ತಾಯಿ. ನಿಮ್ಮ ಕಡೆಯೋರ ಮಾತು ಇಷ್ಟೇ ಅಂತ ನಾಳೆ ಜನ ಅನ್ಬಾರ್ದು” ಎಂದನಂತೆ.

ಅವಳು ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. “ಆ ತಟ್ಟೆ ತಗೊಂಡು ಅವನ ಮುಖದ ಮೇಲೆ ಎಸ್ದು ಬನ್ನಿ. ಯಾವ ಮಾತು? ಎಂಥ ಮಾತು?” ಎಂದು ಕೂಗಾಡಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು.

“ನೀವು ಮಾತು ತಪ್ಪಿದ್ರೆ ನಿಮ್ಮೊಬ್ರನ್ನ ಬೈತಾರೆ ಮೇಡಂ. ನಾನು ತಪ್ಪಿದ್ರೆ ನಮ್ಮ ಕೇರಿಯನ್ನೇ ಬೈತಾರೆ. ನಮ್ಮೆಜಮಾನ್ರು ಇಪ್ಪತ್ತು ವರ್ಷ ಆ ಒಂದು ಮಾತು ಕೇಳ್ಬಾರ್ದು ಅಂತ ಬದುಕಿದ್ರು. ಹದಿಮೂರಕ್ಕೇ ಕೊಟ್ಬಿಡ್ತೀನಿ.”

ಹೊಲ ಮನೆ ಇದ್ದವರ ಮಗಳು ನಾನು. ನನ್ನನ್ನು ಬಜಾರಿ ಎಂದವರುಂಟು, ನನ್ನ ಜನರನ್ನೆಲ್ಲ ಸೇರಿಸಿ ಯಾರೂ ಏನೂ ಅಂದದ್ದಿಲ್ಲ. ಈ ರಾಜಣ್ಣ ಕಾರನ್ನಷ್ಟೇ ಅಲ್ಲ, ಮಾರುವವಳ ಒಳಗಿನ ಗಾಯವನ್ನೂ ನೋಡಿಟ್ಟುಕೊಂಡು ಅಲ್ಲೇ ಬೆರಳಿಟ್ಟಿದ್ದ. ಅಂದಿನ ಸಿಟ್ಟು ಈಗಲೂ ನನಗೆ ಇಳಿದಿಲ್ಲ, ಇಳಿಯುವುದೂ ಬೇಡ.

ಆ ದಿನವೂ ಎಂದಿನಂತೆ ಕಾರು ತೆಗೆದೆವು. ಚಾಮರಾಜಪೇಟೆಯ ಐದನೇ ಮೇನ್ ದಾಟುವಾಗ ನಾನು ಕೇಳಿದೆ: “ತಾಂಬೂಲ ಕೊಟ್ಟಾಗ ಎಷ್ಟಕ್ಕೆ ಅಂತ ಮಾತಾಯ್ತು?”

“ಇಪ್ಪತ್ತೆರಡು.”

“ಅವತ್ತು ಮಾತು ಕೊಟ್ಟೋರು ಎಷ್ಟು ಜನ?”

ಅವಳು ವೇಗ ತಗ್ಗಿಸಿದಳು. ಆಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. “ಇಬ್ರು,” ಎಂದಳು. “ನಾನು ಇನ್ನೂ ನಿಂತಿದೀನಿ. ಅವನು ಬಿಟ್ಟು ಹೋಗಿದಾನೆ.” ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, “ಅವನು ಎಲ್ಲಿ ಸಿಕ್ತಾನೆ?” ಎಂದಳು.

ಗಾಂಧಿ ಬಜಾರಿನ ಒಂದು ಕಾಫಿ ಹೋಟೆಲಿನ ಮುಂದೆ ಬ್ರೋಕರುಗಳ ಬೆಳಗಿನ ಸಭೆ ಸೇರುವುದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಸುಮಿತ್ರಾ ಕಾರು ತೆಗೆದಳು. ಅಂದು ಅವಳು ಯಾರಿಗೂ ದಾರಿ ಬಿಡಲಿಲ್ಲ. ಹಾರ್ನ್ ಹೊಡೆದುಕೊಂಡೇ ಬಂದು, ಹೂವಿನ ಸಾಲು ದಾಟಿ, ಹೋಟೆಲಿನ ಎದುರಿಗೇ ನಿಲ್ಲಿಸಿದಳು. ಹೊಸ ವೀಳ್ಯದೆಲೆ, ಹೊಸ ತೆಂಗಿನಕಾಯಿ, ನೂರೊಂದು ರೂಪಾಯಿ ಇಟ್ಟ ತಟ್ಟೆ ಹಿಡಿದು ಇಳಿದಳು. ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಬಾಯಿ ಮುಚ್ಚಿಕೊಂಡಿರಬೇಕೆಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು, ಆ ಆಣೆ ಪಾಲಿಸಿದ್ದು ನನ್ನ ಜೀವನದ ದೊಡ್ಡ ಸಾಧನೆ.

ರಾಜಣ್ಣನ ಕೈಯಲ್ಲಿ ಕಾಫಿ ಲೋಟ. “ಏನ್ ತಾಯಿ ಇದು, ಬೀದೀಲಿ?”

“ನೀವು ಕೊಟ್ಟಿದ್ದು ವಾಪಸ್ ತಂದಿದೀನಿ. ಇಪ್ಪತ್ತೆರಡು ಸಾವಿರಕ್ಕೆ ಅಂತ ತಾಂಬೂಲ ಕೊಟ್ರಿ. ನಾನು ಮೂರು ಜನಾನ ವಾಪಸ್ ಕಳ್ಸಿ ಕಾದೆ. ಈಗ ಹದಿಮೂರು ಅಂತೀರಿ. ಇಲ್ಲಿ ಇಷ್ಟು ಜನ ವ್ಯಾಪಾರಸ್ಥರಿದ್ದೀರಲ್ಲ, ಮಾತು ತಪ್ಪಿದ್ದು ಯಾರು ಅಂತ ನೀವೇ ಹೇಳಿ.”

ಕೊಟ್ಟ ತಾಂಬೂಲ ನಾಲ್ಕು ಜನರ ಮುಂದೆ ಹಿಂದಕ್ಕೆ ಬರುವುದಕ್ಕಿಂತ ಅವಮಾನ ಆ ಕಸುಬಿನಲ್ಲಿ ಇನ್ನೊಂದಿಲ್ಲ. ರಾಜಣ್ಣನ ಮುಖದಿಂದ ‘ತಾಯಿ’ ಇಳಿದುಹೋಯಿತು. “ನಿಮ್ಮ ಕಡೆಯೋರ ಹತ್ರ ವ್ಯವಹಾರಕ್ಕೆ ಬಂದಿದ್ದೇ ನನ್ನ ತಪ್ಪು” ಎಂದು ಗೊಣಗಿದ.

“ನಮ್ಮ ಕಡೆಯೋರು ಅಂದ್ರೆ ಯಾರು?” ಎಂದಳು ಸುಮಿತ್ರಾ. ದನಿ ಏರಿಸಲಿಲ್ಲ. “ಜೋರಾಗಿ ಹೇಳಿ. ನನ್ನ ಮನೇಲಿ ಹೇಳಿದ್ರಲ್ಲ, ಇಲ್ಲೂ ಹೇಳಿ. ಎಲ್ರೂ ಕೇಳಿಸ್ಕೊಳ್ಲಿ.”

ಅವನು ಹೇಳಲಿಲ್ಲ. ಅಂಥ ಮಾತು ನಾಲ್ಕು ಗೋಡೆಯ ಒಳಗೆ ಒಂಟಿ ಹೆಂಗಸಿಗೆ ಹೇಳುವಂಥದ್ದು, ಬಜಾರಿನಲ್ಲಿ ಹೇಳುವ ಗಂಡಸುತನ ಅದಕ್ಕಿರುವುದಿಲ್ಲ. ಬ್ರೋಕರುಗಳಲ್ಲಿ ಹಿರಿಯನೊಬ್ಬ, “ತಗೊಳಯ್ಯ, ತಗೊಂಡು ಅತ್ಲಾಗೆ ಹೋಗು” ಎಂದು ಗದರಿದ. ರಾಜಣ್ಣ ತಟ್ಟೆ ತೆಗೆದುಕೊಂಡ. “ಅಪಘಾತದ ಗಾಡಿ ಅಂತ ಊರಿಗೆಲ್ಲ ಹೇಳ್ತೀನಿ, ಯಾರು ತಗೋತಾರೆ ನೋಡ್ತೀನಿ” ಎಂದ. “ಹೇಳಿ. ಗಾಡಿ ಓಡಿಸ್ಕೊಂಡೇ ಬಂದಿದೀನಿ, ಎಲ್ರೂ ನೋಡಿದಾರೆ” ಎಂದು ಅವಳು ಬಾಗಿಲು ತೆಗೆದು ಕೂತಳು. ನನ್ನನ್ನು ಕರೆಯುವುದನ್ನೂ ಮರೆತು ಹೊರಟೇಬಿಡುತ್ತಿದ್ದಳು, ನಾನು ಓಡಿ ಹತ್ತಿದೆ.

ಆಷಾಢ ಮುಗಿಯಲು ಹತ್ತು ದಿನವೂ ಉಳಿದಿರಲಿಲ್ಲ. ಹೊಸ ಜಾಹೀರಾತು ಅವಳೇ ಬರೆದಳು: ‘ಆಷಾಢದಲ್ಲೂ ಮಾರಾಟಕ್ಕಿದೆ. ಮುಂಗಡ, ತಾಂಬೂಲ ಸ್ವೀಕರಿಸುವುದಿಲ್ಲ.’ ರಾಜಣ್ಣನ ಪ್ರಚಾರವೂ ನಡೆದಿತ್ತು. ಇಬ್ಬರು ಬಂದು ಚಾಸಿಯ ಕೆಳಗೆ ಬಗ್ಗಿ ನೋಡಿ ಸದ್ದಿಲ್ಲದೆ ಹೋದರು. ನನಗೆ ನಿದ್ದೆ ಹತ್ತಲಿಲ್ಲ ಎಂದು ಹೇಳಲು ನಾಚಿಕೆಯಿಲ್ಲ. ಗಡುವಿಗೆ ಮೂರು ದಿನ ಇದ್ದಾಗ ಮಲ್ಲೇಶ್ವರದಿಂದ ಔಷಧಿ ಅಂಗಡಿಯ ಶಿವಸ್ವಾಮಿ ಎಂಬವರು ಬಂದರು. ಹೊಸ ಕಾರಿಗೆ ಕಾದು ಕಾದು ಬೇಸತ್ತವರು. ಓಡಿಸಿ ನೋಡಿ, ಬಾನೆಟ್ ಎತ್ತಿ ನೋಡಿ, ಇಷ್ಟಪಟ್ಟು, ಕೊನೆಗೆ ಕೇಳಿದರು: “ಮಾತಾಡೋಕೆ ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ?”

“ನೀವು ಕಾರು ನೋಡೋಕೆ ಬಂದ್ರಾ, ಗಂಡಸರನ್ನ ನೋಡೋಕೆ ಬಂದ್ರಾ? ಕಾರು ಇದೆ, ಮಾತಾಡೋಕೆ ನಾನಿದೀನಿ.”

ಶಿವಸ್ವಾಮಿ ಒಳ್ಳೆಯ ಮನುಷ್ಯ, ನಕ್ಕುಬಿಟ್ಟರು. “ಆಷಾಢದಲ್ಲಿ ಯಾರೂ ಕೊಳ್ಳಲ್ಲಮ್ಮ. ಸ್ವಲ್ಪ ಬಿಟ್ಕೊಡಿ. ಎಷ್ಟು?”

“ಇಪ್ಪತ್ತೆರಡೂವರೆ” ಎಂದಳು ಸುಮಿತ್ರಾ. ನಾನು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲನ್ನು ಆಚೆ ಇಟ್ಟುಕೊಂಡಳು. ಒಂದು ಗಂಟೆ ಅವರು ಇಳಿಸಿ ಎಂದರು, ಇವಳು ಇಲ್ಲ ಎಂದಳು. ಕೊನೆಗೆ ಅವರೇ ಸೋತು ಒಪ್ಪಿದರು. ಮರುದಿನ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ ಡ್ರಾಫ್ಟ್ ಮಾಡಿಸಿ, ಅಲ್ಲಿಂದ ನೇರ ಸಾರಿಗೆ ಕಚೇರಿಗೆ ಬಂದು, ಗುಮಾಸ್ತರ ಕಣ್ಣೆದುರು ತುಂಬಿದ ಫಾರಂಗೆ ಸಹಿ ಹಾಕಿದರು. ರಸೀದಿ ಕೈಗೆ ಬಂದ ಮೇಲೆಯೇ ಸುಮಿತ್ರಾ ಬೀಗದ ಕೈ ಕೊಟ್ಟದ್ದು. ಸಂಜೆಗೆ ಆರು ಟೈಪ್‌ರೈಟರುಗಳು ಚಾಮರಾಜಪೇಟೆಗೆ ಬಂದವು.

ಕಚೇರಿಯ ಮೆಟ್ಟಿಲಿಳಿಯುವಾಗ ನಾನು ಬೈದೆ: “ಆ ಐನೂರು ಯಾಕ್ರೀ ಏರಿಸಿದ್ರಿ? ಗಿರಾಕಿ ಎದ್ದು ಹೋಗಿದ್ರೆ?”

“ಹೋಗಿದ್ರೆ ಹೋಗ್ಲಿ. ರಾಜಣ್ಣ ಆಡಿದ ಮಾತಿಗೆ ಯಾರಾದ್ರೂ ದಂಡ ಕೊಡ್ಬೇಕಲ್ಲ ಮೇಡಂ.”

ಪಾಪ ಶಿವಸ್ವಾಮಿ! ಆದರೆ ಆಮೇಲಿನ ವರ್ಷಗಳಲ್ಲಿ ನಾನು ಮಾರಿಸಿಕೊಟ್ಟ ಪ್ರತಿ ಕಾರಿಗೂ ಅವಳ ನಿಯಮವನ್ನೇ ಇಟ್ಟುಕೊಂಡೆ. ಮುಂಗಡವಿಲ್ಲ, ಖಾಲಿ ಸಹಿಯಿಲ್ಲ, ಪೂರ್ತಿ ಹಣ ಕಾಣದೆ ಬೀಗದ ಕೈಯಿಲ್ಲ. ಮೋಸಗಾರರು ನಮ್ಮ ದುರಾಸೆಯನ್ನು ಹಿಡಿದು ಎಳೆಯುತ್ತಾರೆ ಎಂದುಕೊಂಡಿದ್ದೆ. ನಮ್ಮ ಒಳ್ಳೆಯತನವನ್ನು ಹಿಡಿದೂ ಎಳೆಯುತ್ತಾರೆ ಎಂದು ಈ ಕೆಲಸ ನನಗೆ ಕಲಿಸಿತು. ಇನ್ನು ‘ನಿಮ್ಮ ಕಡೆಯೋರು’ ಎಂಬ ಮಾತು ಬೆಲೆ ಕೇಳಲು ಬಂದವರ ಬಾಯಿಂದ ಹೊರಬಿತ್ತೋ, ಅದು ಯಾವ ಕಡೆಯವರ ಮೇಲಾದರೂ ಸರಿ, ನನ್ನ ಹತ್ತಿರ ಆ ಕ್ಷಣದಿಂದ ಬೆಲೆ ಐನೂರು ಜಾಸ್ತಿ.