ನಡುಪುಟದ ಅಕ್ಕ

ಕೆಲಸಕ್ಕೆ ಕೂರುವ ಮುನ್ನ ಅವರು ಬಲಗೈಯ ಬಳೆಗಳನ್ನೆಲ್ಲ ತೆಗೆದು ಎಡಗೈಗೆ ಏರಿಸಿಕೊಳ್ಳುತ್ತಾರೆ. ಬಳೆ ಕಳಚಿದ ಆ ಕೈ ಮೌಸ್ ಮೇಲೆ ಕೂತಿತೆಂದರೆ ಇನ್ನು ಯಾರ ಮಾತೂ ನಡೆಯದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ, ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಅಂಗಡಿ ಇಟ್ಟಿರುವ ಅವರು ಊರಿಗೆಲ್ಲ ಡಿಟಿಪಿ ಅಕ್ಕ.

ಹನೂರಿನ ಕಡೆ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ವಾರ್ಷಿಕ ಸಂಚಿಕೆಯ ಹೊಣೆ ಗಂಟುಬಿದ್ದಾಗ ಮಾರ್ಜಿನ್ ಯಾವುದು, ಲೇಔಟ್ ಯಾವುದು, ಒಂದೂ ತಿಳಿದಿರಲಿಲ್ಲ. ರೇಷ್ಮೆ ನೇಯುವವರ ಮನೆಯಲ್ಲಿ ಹುಟ್ಟಿದ ಅಕ್ಕ ಎಲ್ಲವನ್ನೂ ಸೀರೆಯಲ್ಲೇ ಹೇಳಿಕೊಟ್ಟರು. ಮಾರ್ಜಿನ್ ಅಂದರೆ ಅಂಚು, ಬರಹ ತುಂಬುವ ಜಾಗ ಒಡಲು, ಮುಖಪುಟ ಸೆರಗು. ನಾನು ಮೂಲೆಮೂಲೆಗೂ ಹೂಬಳ್ಳಿ ಹಾಕಿಸಲು ಹೊರಟರೆ, “ಒಡ್ಲು ತುಂಬ ಬುಟ್ಟಾ ಆಕುದ್ರೆ ಕಣ್ಣು ಎಲ್ಲಿ ಕೂತ್ಕಬೇಕು ಮೇಡಂ?” ಎಂದು ಗದರುತ್ತಿದ್ದರು.

ಆ ವರ್ಷ ಬೆಟ್ಟದ ಸೋಲಿಗರ ಹುಡುಗಿಯೊಬ್ಬಳು, ಕಾಲೇಜಿನ ಬಸ್ಸಿನಲ್ಲಿ ತನಗೆ ಮೊದಲ ಸಲ ಸೀಟು ಸಿಕ್ಕ ದಿನದ ಬಗ್ಗೆ ಬರೆದುಕೊಟ್ಟಿದ್ದಳು. ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕಿದ್ದೆ. ಅಷ್ಟರಲ್ಲಿ ಗಣ್ಯರ ಶುಭಸಂದೇಶಗಳು ಫೋಟೊ ಸಮೇತ ಒಂದರ ಹಿಂದೊಂದು ಬಂದವು. ತಲೆಗೊಂದು ಪುಟ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಜಾಗ ಸಾಲಲಿಲ್ಲ. ಹುಡುಗಿಯ ಬರಹ ಬಿಟ್ಟುಬಿಡಿ ಎಂದರು ಪ್ರಿನ್ಸಿಪಾಲರು. ನಾನು ಎಲ್ಲವನ್ನೂ ಹೊತ್ತುಕೊಂಡು ಅಕ್ಕನ ಅಂಗಡಿಗೆ ಓಡಿದೆ.

ಅಕ್ಕ ಹಳೆಯ ಸಂಚಿಕೆಯೊಂದನ್ನು ಮೇಜಿನ ಮೇಲೆ ಹಾಗೇ ಬೀಳಬಿಟ್ಟರು. ಪಿನ್ನು ಹೊಡೆದ ನಡುಪುಟಕ್ಕೆ ಅದು ತಾನಾಗಿ ತೆರೆದುಕೊಂಡಿತು.

“ನೋಡ್ರಿ, ಎಲ್ರೂ ಮೊದ್ಲು ನೋಡದು ಇದ್ನೇಯ. ದೊಡ್ಡೋರ್ನೆಲ್ಲ ಇಲ್ಲೇ ಒಟ್ಗೆ ಕೂರ್ಸನ. ಆ ಮಗೀಗೆ ಒಂದ್ ಪುಟ ಸಿಕ್ತದ.”

ಹಾಗೇ ಮಾಡಿದೆವು. ಬಿಡುಗಡೆಯ ದಿನ ಸಂಚಿಕೆ ಕೈಗೆತ್ತಿಕೊಂಡ ಗಣ್ಯರಿಗೆಲ್ಲ ಮೊದಲು ಕಂಡದ್ದು ಅವರವರ ಮುಖ. ನಡುಪುಟದ ಮರ್ಯಾದೆ ಕೊಟ್ಟಿದ್ದೀರಿ ಎಂದು ಹಿರಿಯರೊಬ್ಬರು ವೇದಿಕೆಯಲ್ಲೇ ನನ್ನನ್ನು ಹೊಗಳಿದರು. ಹಿಂದಿನ ಸಾಲಿನಲ್ಲಿ ಅಕ್ಕ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹುಡುಗಿಯ ಪುಟಕ್ಕೆ ಮಾತ್ರ ಅಗಲವಾದ ಅಂಚು, ಒಂದೇ ಒಂದು ಬಳ್ಳಿಯೂ ಇಲ್ಲ. ಅವಳು ಅದನ್ನು ಗೆಳತಿಯರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಈಗ ಅವಳು ಏನು ಬರೆದರೂ ಮೊದಲು ಕೊಳ್ಳೇಗಾಲಕ್ಕೆ, ಅಕ್ಕನ ಹತ್ತಿರ ಓಡುತ್ತಾಳೆ. ನನಗೆ ಹೊಟ್ಟೆಕಿಚ್ಚು. ಕನ್ನಡ ಮೇಡಂ ನಾನಲ್ಲವೇ ಎಂದು ಅವಳನ್ನು ಕೇಳಿಯೇಬಿಟ್ಟೆ.

“ನೀವು ತಿದ್ತೀರಿ ಮೇಡಂ,” ಎಂದಳು. “ಅಕ್ಕ ಓದಿ ನಗ್ತಾರ.”

ಅವತ್ತಿನಿಂದ ಮಕ್ಕಳು ಬರೆದದ್ದನ್ನು ನಾನು ಮೊದಲು ಪೆನ್ನು ಹಿಡಿಯದೆ ಓದುತ್ತೇನೆ.