ಮನೆಯಲ್ಲಿ ಹುಟ್ಟಿದ ಹುಂಜ

ಇವತ್ತು ಬೆಳಿಗ್ಗೆ ಇಸ್ತ್ರಿಗೆ ಕೊಡಬೇಕೆಂದು ಮಂಕರಿಯಲ್ಲಿಟ್ಟಿದ್ದ ಸೀರೆ ತೆಗೆಯಲು ಕೈ ಹಾಕಿದೆ. ಸೀರೆ ನನ್ನನ್ನು ಕುಕ್ಕಿತು. ಬಗ್ಗಿ ನೋಡಿದರೆ ನಮ್ಮ ಕೆಂಪು ಕೋಳಿ, ಮೈಯನ್ನೆಲ್ಲ ಚಪಾತಿಯಂತೆ ಅಗಲ ಮಾಡಿಕೊಂಡು ನನ್ನ ಹಸಿರು ಅಂಚಿನ ಸೀರೆಯ ಮೇಲೆ ಕೂತಿದೆ. ಗಂಟಲಲ್ಲಿ ಕೊರ್ ಕೊರ್ ಎಂಬ ಸದ್ದು. ಕೋಳಿ ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಕದವರಿಗೆ ಹೇಳುತ್ತೇನೆ, ಇದಕ್ಕೆ ಕಾವು ಬಂದಿದೆ. ಇನ್ನು ಇದು ಮೊಟ್ಟೆ ಇಡುವುದಿಲ್ಲ, ಸರಿಯಾಗಿ ತಿನ್ನುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ. ಕೆಳಗೆ ಮೊಟ್ಟೆ ಇರಲಿ, ಸೀರೆ ಇರಲಿ, ಮರಿಯಾಗುವವರೆಗೆ ಏಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದೆ.

ಬೇರೆ ಕಾಲವಾಗಿದ್ದರೆ ಕೂತಿರಲಿ ಎಂದು ಬಿಡುತ್ತಿದ್ದೆ. ಆದರೆ ನಮ್ಮತ್ತೆ ಕೋಲಾರದ ಆಸ್ಪತ್ರೆಯಿಂದ ಮನೆಗೆ ಬಂದು ಹೆಚ್ಚು ದಿನವಾಗಿಲ್ಲ. ದಿನಾ ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಫಾರಂ ಮೊಟ್ಟೆಯನ್ನು ಅತ್ತೆ ಮೊಟ್ಟೆಯೆಂದೇ ಒಪ್ಪುವುದಿಲ್ಲ, ಮನೆಯಲ್ಲಿ ಸದ್ಯಕ್ಕೆ ಮೊಟ್ಟೆ ಇಡುತ್ತಿದ್ದದ್ದು ಇದೊಂದೇ ಕೋಳಿ. ಹಾಗಾಗಿ ಕಾವು ಬಿಡಿಸಲೇಬೇಕು. ಬಕೀಟಿನ ತಣ್ಣೀರಿನಲ್ಲಿ ಕೋಳಿಯ ಹೊಟ್ಟೆಯಷ್ಟೇ ಮುಳುಗುವಂತೆ ಇಳಿಸಿ ಎತ್ತಬೇಕು, ಆಮೇಲೆ ಹುಲ್ಲು ಹಾಕದ ಖಾಲಿ ಕ್ರೇಟಿನ ಕೆಳಗೆ ಮುಚ್ಚಿಡಬೇಕು. ಇದನ್ನು ನನಗೆ ಕಲಿಸಿದ್ದೂ ಅತ್ತೆಯೇ. ಬಕೀಟು ತುಂಬುವುದನ್ನು ಕಾಯುತ್ತಾ, ಒಂದು ಕೈಯಲ್ಲಿ ಕೋಳಿಯನ್ನು ಅವುಚಿಕೊಂಡು ನಿಂತಾಗ ಹಳೆಯದೆಲ್ಲ ನೆನಪಾಯಿತು. ಬಕೀಟು ತುಂಬಲು ನಮ್ಮ ನಲ್ಲಿಯಲ್ಲಿ ಬಹಳ ಹೊತ್ತು ಹಿಡಿಯುತ್ತದೆ, ಆದ್ದರಿಂದ ನಿಮಗೂ ಹೇಳುತ್ತೇನೆ.

ನಾನು ಮಾಲೂರಿನವಳು. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ ನನಗೆ ಕೋಳಿಯೆಂದರೆ ಭಾನುವಾರ ಅಂಗಡಿಯಲ್ಲಿ ತೂಕಕ್ಕೆ ಸಿಗುವ ವಸ್ತು. ಮೊದಲ ಯಜಮಾನರು ಕಾಯಿಲೆಯಲ್ಲಿ ತೀರಿಕೊಂಡ ಮೇಲೆ, ರಾಯಲ್ಪಾಡಿನ ಹತ್ತಿರದ ಈ ಹಳ್ಳಿಗೆ ಎರಡನೇ ಮದುವೆಯಾಗಿ ಬಂದೆ. ಬರುವಾಗ ಜೊತೆಯಲ್ಲಿ ಒಂದು ಮಿಕ್ಸಿ, ಒಂದು ಬೀರು, ಮತ್ತು ಇನ್ನೂ ಒಂದನೇ ಕ್ಲಾಸಿಗೆ ಸೇರದ ಮಗಳು ಅಮೂಲ್ಯ. ಮಿಕ್ಸಿಗೂ ಬೀರುವಿಗೂ ಮನೆಯಲ್ಲಿ ಕೂಡಲೇ ಜಾಗ ಸಿಕ್ಕಿತು.

ಮಗಳನ್ನು ಯಾರೂ ಬೈಯಲಿಲ್ಲ, ಆ ಮಾತು ಹೇಳಬಾರದು. ನನ್ನ ಓರಗಿತ್ತಿಯ ಇಬ್ಬರು ಮಕ್ಕಳಿಗೆ ಬಡಿಸಿದಷ್ಟೇ ಅವಳಿಗೂ ಅತ್ತೆ ಬಡಿಸುತ್ತಿದ್ದರು. ಆದರೆ ಬಂದವರು ಆ ಇಬ್ಬರನ್ನು ತೋರಿಸಿ ಯಾರೆಂದು ಕೇಳಿದರೆ "ನಮ್ ಮೊಮ್ಮಕ್ಕಳು" ಎನ್ನುತ್ತಿದ್ದರು, ನನ್ನ ಮಗಳನ್ನು ತೋರಿಸಿದರೆ "ಚಿಕ್ ಸೊಸೆ ಮಗಳು." ಸುಳ್ಳೇನಲ್ಲ. ಸುಳ್ಳಲ್ಲದ ಮಾತಿಗೆ ಜಗಳ ಹೇಗೆ ತೆಗೆಯುವುದು? ನನಗೆ ಚಿನ್ನ ಬೇಡವಾಗಿತ್ತು, ಪಾಲು ಬೇಡವಾಗಿತ್ತು. ಅತ್ತೆ ನನ್ನ ಮಗಳನ್ನೂ ಮೊಮ್ಮಕ್ಕಳ ಜೊತೆ ಸೇರಿಸಿ ಎಣಿಸಲಿ ಎಂಬ ಆಸೆಯೊಂದೇ ಇತ್ತು. ಅದಕ್ಕಾಗಿ ರಾಗಿ ಮುದ್ದೆ ತೊಳಸುವುದನ್ನು ಕಲಿತೆ, ಈ ಕಡೆಯವರು ಆಡುವ ತೆಲುಗು ಕಲಿತೆ. ಎರಡೂ ಗಂಟುಗಂಟಾಗಿಯೇ ಬಂದವು.

ಒಂದು ದಿನ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ಲಿನವನೊಬ್ಬ ಬಣ್ಣ ಬಳಿದ ಕೋಳಿಮರಿ ಮಾರುತ್ತಿದ್ದ. ಅಮೂಲ್ಯ ಒಂದು ಗುಲಾಬಿ ಬಣ್ಣದ ಪಿಳ್ಳೆಯನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ. ಕೊಂಡು ತಂದೆವು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಏಮ್ಮಾ, ಇದೇನು ಕೋಳೀನಾ, ಮಿಠಾಯೀನಾ?"

ಅದೃಷ್ಟಕ್ಕೆ ಆಗ ಮನೆಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದರ ಕೆಳಗಿನ ಮೊಟ್ಟೆಗಳೆಲ್ಲ ಕೆಟ್ಟಿದ್ದವು. ಅದಕ್ಕೆ ಮಾತ್ರ ಸುದ್ದಿ ತಲುಪಿರಲಿಲ್ಲ. ಸಂಜೆ ಮಬ್ಬಾಗಲಿ ಎಂದರು ಅತ್ತೆ, ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದಿಲ್ಲವಂತೆ. ಪಿಳ್ಳೆಯ ಮೈಗೆ ಗೂಡಿನ ಬೂದಿಯನ್ನೂ ಹುಲ್ಲಿನ ಪುಡಿಯನ್ನೂ ಉಜ್ಜಿದರು. "ವಾಸ್ನೆ ನಮ್ದಾಗ್ಬೇಕು ಕಣಮ್ಮಾ. ಬಣ್ಣ ಯಾರ್ ನೋಡ್ತಾರೆ?" ಎಂದು ಮೊಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಾ, ಕೊನೆಗೆ ಪಿಳ್ಳೆಯನ್ನು ರೆಕ್ಕೆಯ ಕೆಳಗೆ ತಳ್ಳಿದರು. ಬೆಳಿಗ್ಗೆ ನೋಡಿದರೆ ಆ ಕರಿ ಕೋಳಿ ಗುಲಾಬಿ ಮರಿಯನ್ನು ಕರೆದುಕೊಂಡು, ಹೆತ್ತವಳ ಠೀವಿಯಲ್ಲಿ ನೆಲ ಕೆದರುತ್ತಿತ್ತು.

ತಾಯಿ ಒಪ್ಪಿದರೂ ಮಿಕ್ಕ ಕೋಳಿಗಳು ಒಪ್ಪಬೇಕಲ್ಲ. ಹೊಸ ಮರಿ ಕಂಡರೆ ಅವು ನೆತ್ತಿಗೇ ಕುಕ್ಕುತ್ತವೆ. ಅತ್ತೆ ಟೊಮೆಟೊ ಕ್ರೇಟೊಂದನ್ನು ಅಂಗಳದ ನಡುವೆ ಬೋರಲು ಹಾಕಿ, ತಾಯಿಯನ್ನೂ ಮರಿಯನ್ನೂ ಒಳಗಿಟ್ಟರು. ಸುತ್ತಲೂ ನುಚ್ಚು ಚೆಲ್ಲಿದರು. ಹಳೆಯ ಕೋಳಿಗಳು ಕ್ರೇಟನ್ನು ಸುತ್ತುತ್ತಾ, ಕತ್ತು ಕೊಂಕಿಸಿ ಸಂದಿಯಲ್ಲಿ ನೋಡುತ್ತಾ, ತಮ್ಮತಮ್ಮಲ್ಲೇ ಏನೋ ಆಡಿಕೊಂಡವು.

"ಯಾವಾಗ ಬಿಡೋದು ಅತ್ತೆ?"

"ಅವಕ್ಕೆ ನೋಡಿ ನೋಡಿ ಬೇಜಾರಾಗ್ಬೇಕು. ಬೇಜಾರಾದ್ಮೇಲೆ ಕುಕ್ಕಲ್ಲ."

ನನಗೆ ಇದು ಚೆನ್ನಾಗಿ ಅರ್ಥವಾಯಿತು. ನಾವು ಬಂದ ಹೊಸದರಲ್ಲಿ ಊರಿನ ಹೆಂಗಸರು ಮೊಸರು ಕೇಳುವ ನೆಪದಲ್ಲಿ ಬಂದು ನನ್ನನ್ನೂ ಮಗಳನ್ನೂ ನೋಡಿ ಹೋಗುತ್ತಿದ್ದರು. ಆಮೇಲೆ ಅವರಿಗೂ ಬೇಜಾರಾಯಿತು. ನಮ್ಮನ್ನೂ ಹೀಗೇ ಕ್ರೇಟಿನಲ್ಲಿ ಇಟ್ಟಿದ್ದಿರಲ್ಲ ಅತ್ತೆ ಎಂದು ಧೈರ್ಯ ಮಾಡಿ ಒಮ್ಮೆ ಹೇಳಿಯೂ ಬಿಟ್ಟೆ. "ನೀನ್ ಕೋಳಿ ಅಲ್ಲಮ್ಮಾ," ಎಂದರು ಅತ್ತೆ. "ಕೋಳಿ ಬೆಳಿಗ್ಗೆ ಬೇಗ ಏಳುತ್ತೆ."

ಪಿಳ್ಳೆ ಬೆಳೆಯಿತು. ಗುಲಾಬಿ ಹೋಗಿ ಬಿಳಿ ಗರಿ ಬಂತು, ಜುಟ್ಟು ಬಂತು, ಹುಂಜವೆಂದು ಖಾತ್ರಿಯಾಯಿತು. ಅಮೂಲ್ಯ ಎಲ್ಲಿ ಹೋದರೂ ಅದು ಹಿಂದೆಯೇ ಹೋಗುತ್ತಿತ್ತು. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮನೆಯ ಪ್ರತಿ ಮಗುವಿನ ಹೆಸರಿಗೂ ಒಂದು ಹುಂಜವನ್ನು ಮುನೇಶ್ವರನಿಗೆಂದು ಬಿಡುತ್ತಾರೆ. ಕಾಲಿಗೆ ಅರಿಶಿನದ ದಾರ ಕಟ್ಟಿ, ಮಗುವಿನ ತಲೆಗೆ ಸುತ್ತಿಸಿ, ಹೆಸರು ಹೇಳುತ್ತಾರೆ. ಪೂಜೆಯ ದಿನ ಅದನ್ನು ಕೊಯ್ಯುತ್ತಾರೆ, ಮಗುವಿಗೆ ಆ ವರ್ಷ ಒಳ್ಳೆಯದಾಗುತ್ತದೆ. ಹುಂಜ ಅಂಗಡಿಯಿಂದ ತಂದದ್ದಾಗಬಾರದು, ಮನೆಯಲ್ಲೇ ಹುಟ್ಟಿದ್ದಾಗಬೇಕು. ಅಮೂಲ್ಯಳಿಗೆ ಅಲ್ಲಿಯವರೆಗೆ ಹುಂಜ ಬಿಟ್ಟಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಆ ವರ್ಷ ಓರಗಿತ್ತಿಯ ಮಕ್ಕಳ ಹುಂಜಗಳಿಗೆ ದಾರ ಕಟ್ಟಿ ಮುಗಿಸಿದ ಮೇಲೆ ಅತ್ತೆ ಇನ್ನೊಂದು ಹಳದಿ ದಾರ ತೆಗೆದರು. ಬಿಳಿ ಹುಂಜವನ್ನು ಹಿಡಿದು ತರುವಂತೆ ಹೇಳಿದರು.

"ಅದು ಬಸ್ ಸ್ಟ್ಯಾಂಡಲ್ಲಿ ಕೊಂಡ್ಕೊಂಡ್ ಬಂದಿದ್ದಲ್ವಾ ಅತ್ತೆ?" ಎಂದರು ಓರಗಿತ್ತಿ. "ಮನೇಲಿ ಹುಟ್ಟಿದ್ದಲ್ಲ. ದೇವರಿಗೆ ಬರುತ್ತಾ?"

ಅಂಗಳದಲ್ಲಿದ್ದ ಎಲ್ಲರೂ ನೆಲ ನೋಡಿದರು. ಮಾತು ಕೋಳಿಯದ್ದಷ್ಟೇ ಅಲ್ಲ ಎಂಬುದು ಕೋಳಿಗಳಿಗೂ ತಿಳಿದಿತ್ತೇನೋ.

ಅತ್ತೆ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಮ್ ಕೋಳಿ ರೆಕ್ಕೆ ಕೆಳಗೆ ಬೆಳ್ದಿದ್ದೆಲ್ಲ ನಮ್ ಮನೇದೇ," ಎಂದರು. "ಬರ್ದೇ ಏನು? ಬಾ ಪಾಪಾ, ತಲೆ ಬಗ್ಸು."

ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಖುಷಿಗೆ ಅತ್ತದ್ದು, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಹೊರಗೆ ಮಗಳೂ ಅಳುತ್ತಿದ್ದಳು, ಆದರೆ ಬೇರೆ ಕಾರಣಕ್ಕೆ. ಹಳದಿ ದಾರದ ಹುಂಜಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಹುಂಜವನ್ನು ತಬ್ಬಿಕೊಂಡು ಮಂಚದ ಕೆಳಗೆ ಸೇರಿದವಳನ್ನು ಯಾರಿಗೂ ಹೊರಗೆ ತರಲಾಗಲಿಲ್ಲ. ನಾನು ಇಷ್ಟು ವರ್ಷ ಬಯಸಿದ್ದ ಮರ್ಯಾದೆ ಸಿಕ್ಕ ದಿನವೇ ನನ್ನ ಮಗಳು ಅದು ಬೇಡವೆಂದು ಊರು ಕೇಳುವಂತೆ ಕಿರುಚುತ್ತಿದ್ದಳು.

ಪೂಜೆಯ ದಿನ ಅತ್ತೆ ಮುನೇಶ್ವರನ ಮುಂದೆ ನಿಂತು, ಪಕ್ಕದ ಮನೆಯವರ ಹತ್ತಿರ ಸಾಲದ ಗಡುವು ಮುಂದೂಡುವ ದನಿಯಲ್ಲೇ ಹೇಳಿದರು: "ಸ್ವಾಮಿ, ಈ ಮಗೂದು ಮುಂದಿನ್ ವರ್ಷ ಕೊಡ್ತೀನಿ. ನಿಂದೇ ಅದು, ಎಲ್ಲೂ ಹೋಗಲ್ಲ." ಮುಂದಿನ ವರ್ಷವೂ ಅದನ್ನೇ ಹೇಳಿದರು. ದೇವರ ವಿಷಯದಲ್ಲಿ ಒಂದು ಗಳಿಗೆ ತಡವಾದರೂ ಸಿಡುಕುತ್ತಿದ್ದ ಹೆಂಗಸು, ಆ ಹುಂಜ ಕೊಬ್ಬಿ, ಮುದಿಯಾಗಿ, ಕೂಗುವ ಹೊತ್ತನ್ನೇ ಮರೆತು ತಾನಾಗಿಯೇ ಸಾಯುವವರೆಗೂ ದೇವರನ್ನು ಕಾಯಿಸಿದರು. ಅಮೂಲ್ಯ ಅಂದಿನಿಂದ ಕೋಳಿ ತಿನ್ನುವುದಿಲ್ಲ. ಭಾನುವಾರ ಅವಳಿಗೆಂದು ಬೇರೆ ಸಾರು ಮಾಡುತ್ತಾ ಅತ್ತೆ ಗೊಣಗುತ್ತಿದ್ದರು: "ನನ್ ಮೊಮ್ಮಗಳು ಬ್ರಾಹ್ಮಣರ ಮನೇಲಿ ಹುಟ್ಬೇಕಿತ್ತು, ದಾರಿ ತಪ್ಪಿ ಇಲ್ಲಿ ಬಂದವ್ಳೆ."

ಬಕೀಟು ತುಂಬಿತು. ಕೋಳಿಯನ್ನು ನೀರಿಗೆ ಇಳಿಸಬೇಕು, ಅಷ್ಟರಲ್ಲಿ ಅಮೂಲ್ಯಳ ಫೋನು. ಅವಳೀಗ ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಕೋಳಿಗೆ ಕಾವು ಬಂದಿದೆ, ಬಿಡಿಸುತ್ತಿದ್ದೇನೆ ಎಂದೆ.

"ಅಮ್ಮಾ, ಬೇಡ. ಬಿಡು ಅದನ್ನ. ಮೊಟ್ಟೆ ಇಟ್ಟು ಕೂರ್ಸು."

"ಅಜ್ಜಿಗೆ ಮೊಟ್ಟೆ ಬೇಕಲ್ಲೇ?"

"ಪಕ್ಕದ್ಮನೆ ಇಂದ ತಗೋ." ಆಮೇಲೆ ದನಿ ತಗ್ಗಿಸಿದಳು. "ಅಜ್ಜಿ ಐಸಿಯುನಲ್ಲಿದ್ದಾಗ ಹರಕೆ ಹೇಳ್ಕೊಂಡಿದೀನಿ. ಅಜ್ಜಿ ಹೆಸರಿಗೆ ಮುನೇಶ್ವರನಿಗೆ ಒಂದು ಹುಂಜ. ಕೊಂಡಿದ್ದು ಆಗಲ್ವಲ್ಲ. ಮನೇಲೇ ಹುಟ್ಬೇಕು."

ಕೋಳಿಯನ್ನು ಮತ್ತೆ ಮಂಕರಿಯಲ್ಲಿ ಕೂರಿಸಿದೆ. ಫೋನನ್ನು ಹಿಡಿದುಕೊಂಡೇ ಒಳಗೆ ಹೋಗಿ ಮಂಚದಲ್ಲಿ ಮಲಗಿದ್ದ ಅತ್ತೆಗೆ ವಿಷಯ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಕೊಯ್ಯೋ ದಿನ ಅವಳು ಬರೋದ್ ಬೇಡ ಅಂತ ಹೇಳಮ್ಮಾ," ಎಂದರು. "ಅಳ್ತಾಳೆ."

ಅದು ಫೋನಿನಲ್ಲಿ ಕೇಳಿಸಿರಬೇಕು. "ಅಳ್ತೀನಿ," ಎಂದಳು ಮಗಳು. "ಆದ್ರೂ ಬರ್ತೀನಿ ಅಂತ ಹೇಳು."