ಡಬ್ಬಿಯ ವೈರು ಕಿತ್ತು ನೋಡಿದ್ದು

ಇದನ್ನು ಹೇಳಿಬಿಡಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಕಬ್ಬು ಕಡಿದು ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದು ಮುಂದೂಡಿದೆ. ಎರಡೂ ಆಗಿ ಬಹಳ ದಿನವಾಯಿತು.

ಕಿರುಗಾವಲಿನ ಹತ್ತಿರ ನಮ್ಮೂರ ಹೈಸ್ಕೂಲಿನ ಸಮಿತಿಗೆ ಆಗ ನಾನು ಅಧ್ಯಕ್ಷ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ನನ್ನನ್ನು ಕೇಳದೆ ಊರಿನಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ, ಅದರ ಜಂಬ ಬೇರೆ. ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರಿಗೆಂದು ದುಡ್ಡು ಕೊಟ್ಟಿದ್ದರು. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಶಿಕ್ಷಕಿ, ನಾವೆಲ್ಲ ಕಂಪ್ಯೂಟರ್ ಮೇಡಂ ಎನ್ನುತ್ತಿದ್ದವರು, ಊಟದ ಡಬ್ಬಿಯಷ್ಟೇ ಇದ್ದ ಒಂದು ಯಂತ್ರವನ್ನು ಸಮಿತಿಯ ಮುಂದಿಟ್ಟರು. ತಿನ್ ಕ್ಲೈಂಟ್ ಅಂತೆ. ಮೂಲೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಕುಳಿತು ದುಡಿಯುತ್ತದೆ, ಇಂಥ ಡಬ್ಬಿಗಳು ವೈರಿನಲ್ಲಿ ಅದಕ್ಕೆ ಸೇರಿಕೊಂಡು ಪರದೆಗೆ ತೋರಿಸುತ್ತವೆ, ಇರುವ ದುಡ್ಡಿನಲ್ಲೇ ಇಪ್ಪತ್ತು ಮಕ್ಕಳು ಒಬ್ಬೊಬ್ಬರೇ ಕೂರಬಹುದು ಎಂದರು. ಶಾಲೆಯಲ್ಲಿದ್ದ ಒಂದೇ ಕಂಪ್ಯೂಟರಿಗೆ ಡಬ್ಬಿಯ ವೈರು ಸೇರಿಸಿ ತೋರಿಸಿದಾಗ ಪರದೆಯ ಮೇಲೆ ಕರ್ನಾಟಕದ ನಕ್ಷೆ ಚೆನ್ನಾಗಿಯೇ ಬಂತು.

ನಾನು ಡಬ್ಬಿಯನ್ನು ಎತ್ತಿ ತೂಗಿದೆ. "ಏನ್ ಮೇಡಮ್ಮೋರೆ, ಉಂಡು ಮುಗಿಸಿದ್ ಡಬ್ಬಿ ಎತ್ದಂಗದೆ."

ಜೊತೆ ಎತ್ತು ಕೊಳ್ಳುವಾಗ ಒಂದನ್ನು ಬಿಚ್ಚಿ ದೂರ ನಡೆಸಿ ನೋಡುವುದು ನಮ್ಮ ರೂಢಿ. ಜೊತೆಯಲ್ಲಿದ್ದರೆ ಕುಂಟು ಗೊತ್ತಾಗುವುದಿಲ್ಲ. ವೈರು ಕಿತ್ತು ಡಬ್ಬಿಯನ್ನು ಹೆಡ್ ಮಾಸ್ಟರ್ ಕೋಣೆಗೆ ಒಯ್ದು ಅಲ್ಲಿನ ಪರದೆಗೆ ಹಾಕಿಸಿದೆ. ನಕ್ಷೆ ಬರಲಿಲ್ಲ.

"ಜೊತೆ ಬುಟ್ರೆ ನಡಿಯಕ್ಕಿಲ್ಲ ಕಣ್ರಪ್ಪ. ಕುಂಟೆತ್ತು."

ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಮೆಲ್ಲಗೆ ಕೇಳಿದರು: "ಟ್ಯಾಂಕಿಂದ ನಲ್ಲಿ ಕಿತ್ಕೊಂಡ್ ಬಂದ್ರೆ ನೀರು ಬತ್ತದಾ ಸಾರ್?"

ಆ ಮಾತು ನನಗೆ ಆ ಕ್ಷಣವೇ ಅರ್ಥವಾಯಿತು. ಇದನ್ನೇ ನಾನು ಈವರೆಗೆ ಯಾರಿಗೂ ಹೇಳದಿದ್ದದ್ದು. ಅವರು ಹೇಳಿದ್ದು ಸರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸಿಕ್ಕ ನಗುವನ್ನು ಕಳೆದುಕೊಳ್ಳಲು ಮನಸ್ಸಾಗದೆ, "ಈ ಡಬ್ಬಿ ಮಾರೋ ಅಂಗ್ಡಿಯೋನು ನಿಮ್ಗೇನಾಗ್ಬೇಕು ಮೇಡಮ್ಮೋರೆ?" ಎಂದುಬಿಟ್ಟೆ. ಈ ಸಲ ಯಾರೂ ನಗಲಿಲ್ಲ. ಮೇಡಂ ವೈರು ಸುತ್ತಿ, ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು.

ತೂಕ ನೋಡಿ ಐದು ದೊಡ್ಡ ಕಂಪ್ಯೂಟರ್ ತಂದೆವು. ಒಂದೊಂದಕ್ಕೂ ಎಂಟು ಮಕ್ಕಳು. ಮುಟ್ಟುವುದು ಒಬ್ಬ, ಮಿಕ್ಕವರು ಅವನ ತಲೆ ನೋಡುವುದು. ಮರುವರ್ಷ ಮೇಡಂ ನಮ್ಮ ಶಾಲೆಗೆ ಬರಲಿಲ್ಲ.

ಮೊನ್ನೆ ಮೊಮ್ಮಗಳ ಪೋಷಕರ ಸಭೆಗೆಂದು ಮದ್ದೂರಿನ ಶಾಲೆಗೆ ಹೋದೆ. ಕಂಪ್ಯೂಟರ್ ಕೋಣೆಯಲ್ಲಿ ಅಂಥವೇ ಇಪ್ಪತ್ತು ಡಬ್ಬಿ, ಒಂದೊಂದರ ಮುಂದೆ ಒಂದೊಂದು ಮಗು. ನನ್ನ ಮೊಮ್ಮಗಳಿಗೂ ಅವಳದೇ ಒಂದು. ಪಾಠ ಹೇಳುತ್ತಿದ್ದವರು ಅದೇ ಮೇಡಂ.

"ಬನ್ನಿ ಸಾರ್. ಬೇಕಾದ್ರೆ ಒಂದು ವೈರು ಕಿತ್ತು ನೋಡಿ. ಮಿಕ್ಕ ಅತ್ತೊಂಬತ್ತು ನಡೀತವೆ."

ಇಬ್ಬರೂ ನಕ್ಕೆವು. ಅವರೇ ಕುರ್ಚಿ ಎಳೆದು ಕೊಟ್ಟರು, ಕಾಫಿ ತರಿಸಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು ಮಾತ್ರ, "ಬಸ್ಸಿಗೆ ಒತ್ತಾಯ್ತು, ಬತ್ತೀನಿ ಕಣಮ್ಮ."

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಎಪ್ಪತ್ತು ದಾಟಿದವನು ಯಾರ್ಯಾರದೋ ಕ್ಷಮೆ ಕೇಳಿದ್ದೇನೆ, ತಮ್ಮನದು, ಬೀಗರದು, ಒಮ್ಮೆ ಬಸ್ ಕಂಡಕ್ಟರನದು ಕೂಡ. ಕೇಳದೆ ಉಳಿದದ್ದು ಆ ಕಂಪ್ಯೂಟರ್ ಮೇಡಂ ಅವರದು.